ನಿಂತದ್ದು ಒಂದು ಕಡೆ, ಕಟ್ಟಿಕೊಂಡದ್ದು ಇನ್ನೊಂದು ಕಡೆ

ಮೇ ತಿಂಗಳ ರಜೆಗೆ ಶಿರಸಿಯಿಂದ ತಂಗಿಯ ಮಗ ಕಾರವಾರಕ್ಕೆ ಬಂದಿದ್ದ. ಎಂಜಿನಿಯರಿಂಗ್ ಎರಡನೇ ವರ್ಷ. ಚೀಲದಲ್ಲಿ ನಾಲ್ಕು ಜೊತೆ ಬಟ್ಟೆ, ತಂಗಿ ಕಟ್ಟಿಕೊಟ್ಟ ಹಲಸಿನ ಹಪ್ಪಳ, ಮತ್ತೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಯುಎಸ್‌ಬಿ ಡಾಂಗಲ್. ಆರ್‌ಟಿಎಲ್-ಎಸ್‌ಡಿಆರ್, ಕಂಪ್ಯೂಟರನ್ನೇ ರೇಡಿಯೊ ಮಾಡುವ ಸಾಧನ. ಕೋಡಿಬಾಗದ ನಮ್ಮ ಮನೆಯ ತಾರಸಿ ಮೇಲೆ ಮುಕ್ಕಾಲು ಮೀಟರ್ ತಂತಿ ನಿಲ್ಲಿಸಿದ. ಕೇಬಲ್ಲನ್ನು ಕಿಟಕಿಯಿಂದ ಒಳಗೆ ಎಳೆದ. ಸಂಜೆಯೊಳಗೆ ಕಾರವಾರ ಆಕಾಶವಾಣಿಯ ಎಫ್‌ಎಂ ಹಿಡಿದೇ ಬಿಟ್ಟ. ಲ್ಯಾಪ್‌ಟಾಪಿನಲ್ಲಿ ಹಾಡು ಬಂತು. ಯಾವ ಕಂಪನಾಂಕದಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ಬಣ್ಣದಲ್ಲಿ ತೋರಿಸುವ ವಾಟರ್‌ಫಾಲ್ ಚಿತ್ರ ಪರದೆ ಮೇಲೆ ಸಲೀಸಾಗಿ ಇಳಿಯುತ್ತಿತ್ತು.

ಒಂದೂವರೆ ನಿಮಿಷ. ಆಮೇಲೆ ಹಾಡು ತುಂಡು ತುಂಡಾಯಿತು. ವಾಟರ್‌ಫಾಲ್ ತಡವರಿಸಿತು. ಸ್ವಲ್ಪ ಹೊತ್ತಿಗೆ ಎರಡೂ ಗಪ್‌ಚಿಪ್.

"ಮಾವಾ, ನಿಂತೋತು" ಅಂದ.

ಅಂದವನೇ ತಾರಸಿಗೆ ಓಡಿದ. ತಂತಿ ಅಲ್ಲಾಡಿಸಿದ. ಕೇಬಲ್ ಬಿಚ್ಚಿ ಹಾಕಿದ. ನಮ್ಮ ಕಡೆ ಉಪ್ಪುಗಾಳಿಗೆ ಕನೆಕ್ಟರ್ ಬೇಗ ಕಿಲುಬು ಹಿಡಿಯುತ್ತದೆ, ಹಾಗಾಗಿ ಅನುಮಾನ ಪೂರ್ತಿ ತಪ್ಪೂ ಅಲ್ಲ. ಆದರೆ ಈ ತೊಂದರೆಗೂ ಆಂಟೆನಾಕ್ಕೂ ಸಂಬಂಧವೇ ಇರಲಿಲ್ಲ. ಮರುದಿನ ಇಡೀ ದಿನ ಸೌಂಡ್ ಸೆಟ್ಟಿಂಗ್ ಕೆದಕಿದ. ಅದೂ ಅಲ್ಲ.

ಹಳೇ ರೇಡಿಯೊ ಬಿಚ್ಚಿದ ಅಭ್ಯಾಸ ಇದ್ದವರು ಸಾಫ್ಟ್‌ವೇರ್ ರೇಡಿಯೊದಲ್ಲಿ ಎಡವುವುದು ಇಲ್ಲೇ. ಹಳೇ ರೇಡಿಯೊದಲ್ಲಿ ಸಿಗ್ನಲ್ ಇಲ್ಲದಿದ್ದರೆ ಸದ್ದಿಲ್ಲ. ಇಲ್ಲಿ ಸಿಗ್ನಲ್ ಬೇರೆ, ಡೇಟಾ ಬೇರೆ. ಆಂಟೆನಾ ಕಿತ್ತು ಬಿಸಾಡಿದರೂ ಡಾಂಗಲ್ ಅಷ್ಟೇ ವೇಗದಲ್ಲಿ ಅಂಕಿಗಳನ್ನು ಕಳಿಸುತ್ತಲೇ ಇರುತ್ತದೆ. ಆ ಅಂಕಿಗಳಲ್ಲಿ ಹಾಡಿನ ಬದಲು ಬರೀ ಗೊರಗೊರ ಇರುತ್ತದೆ, ಅಷ್ಟೇ. ವಾಟರ್‌ಫಾಲ್ ಬಣ್ಣ ಕಳೆದುಕೊಂಡು ಮಂಕಾಗಿ ಇಳಿಯುತ್ತದೆ. ಆದರೆ ಇಳಿಯುತ್ತದೆ. ಅದು ಕಲ್ಲಿನ ಹಾಗೆ ನಿಂತಿದೆ ಅಂದರೆ ತಾರಸಿ ಹತ್ತುವುದು ದಂಡ.

ಡಾಂಗಲ್ ಮಾಡುವ ಕೆಲಸ ಇಷ್ಟು. ಮೂಲತಃ ಇದರ ಚಿಪ್ ಡಿಜಿಟಲ್ ಟಿವಿ ನೋಡಲು ಮಾಡಿದ್ದು. ಅದರಿಂದ ಕಚ್ಚಾ ಸ್ಯಾಂಪಲ್, ಅಂದರೆ ಅಲೆಯ ಬಿಡಿಬಿಡಿ ಅಳತೆ, ತೆಗೆಯಬಹುದು ಎಂದು 2012ರ ಹೊತ್ತಿಗೆ ಆಸಕ್ತರು ಕಂಡುಕೊಂಡರು. ಅಗ್ಗದ ಟಿವಿ ಡಾಂಗಲ್ ಹೀಗೆ ರೇಡಿಯೊ ಆಯಿತು. ಗಾಳಿಯಲ್ಲಿ ಬರುವ ಅಲೆಯನ್ನು ಅದು ಸೆಕೆಂಡಿಗೆ 24 ಲಕ್ಷ ಸಲ ಅಳೆದು, ಪ್ರತಿ ಸಲವೂ ಎರಡೆರಡು ಬೈಟ್ ಕಳಿಸುತ್ತದೆ. ಸೆಕೆಂಡಿಗೆ 48 ಲಕ್ಷ ಬೈಟ್. ಮುಂದಿನದ್ದೆಲ್ಲ ಕಂಪ್ಯೂಟರ್‌ನ ಪಾಡು. ನಮ್ಮ ಹುಡುಗ ಅದಕ್ಕೆ ಬಳಸಿದ್ದು ಗ್ನೂ ರೇಡಿಯೊ. 2001ರಿಂದ ಇರುವ ಉಚಿತ ಸಾಫ್ಟ್‌ವೇರ್. ಅದರಲ್ಲಿ ಬೇಕಾದ ಕೆಲಸಗಳನ್ನು ಬ್ಲಾಕ್‌ಗಳಾಗಿ ಇಟ್ಟು, ಗೆರೆ ಎಳೆದು ಜೋಡಿಸುತ್ತೇವೆ. ಈ ಜೋಡಣೆಗೆ ಫ್ಲೋಗ್ರಾಫ್ ಅನ್ನುತ್ತಾರೆ. ಡಾಂಗಲ್ ಒಂದು ಬ್ಲಾಕ್, ಫಿಲ್ಟರ್ ಇನ್ನೊಂದು, ಎಫ್‌ಎಂ ಬಿಡಿಸುವುದು ಮತ್ತೊಂದು, ಕೊನೆಗೆ ಸ್ಪೀಕರ್‌ಗೆ ಕೊಡುವ ಆಡಿಯೊ ಸಿಂಕ್.

ಅಡಿಕೆ ಕೊಯ್ಲಿನ ಮನೆ

ಅವನು ತೋಟದ ಮನೆಯ ಹುಡುಗ. ಹಾಗಾಗಿ ನಾನು ಅಡಿಕೆ ಲೆಕ್ಕದಲ್ಲೇ ಹೇಳಿದೆ.

ಕೊಯ್ಲಿನ ದಿನ ಕೊನೆಗೌಡ ಮರ ಹತ್ತಿ ಕೊನೆ ಇಳಿಸುತ್ತಾನೆ. ಅಂಗಳದಲ್ಲಿ ಸುಲಿಯುವವರು ಮೆಟ್ಟುಗತ್ತಿ ಹಿಡಿದು ಕೂತಿರುತ್ತಾರೆ. ಸುಲಿದದ್ದು ಬುಟ್ಟಿ ತುಂಬಿ ಹಂಡೆಗೆ ಹೋಗುತ್ತದೆ. ಬೆಂದದ್ದು ಅಟ್ಟಕ್ಕೆ, ಬಿಸಿಲಿಗೆ. ಒಬ್ಬೊಬ್ಬರ ನಡುವೆಯೂ ಒಂದೊಂದು ರಾಶಿ ಅಥವಾ ಬುಟ್ಟಿ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ನೋಡುವುದು ಬುಟ್ಟಿಯನ್ನು ಮಾತ್ರ. ಹಿಂದಿನ ಬುಟ್ಟಿಯಲ್ಲಿ ಮಾಲಿದೆಯಾ? ಮುಂದಿನ ಬುಟ್ಟಿಯಲ್ಲಿ ಜಾಗ ಇದೆಯಾ? ಎರಡೂ ಇದ್ದರೆ ಕೆಲಸ. ಒಂದಿಲ್ಲದಿದ್ದರೂ ಕೈ ಕಟ್ಟಿ ಕೂತರಾಯಿತು.

ಗ್ನೂ ರೇಡಿಯೊ ನಡೆಯುವುದು ಥೇಟ್ ಹೀಗೆ. ಪ್ರತಿ ಬ್ಲಾಕ್ ಒಬ್ಬ ಆಳು, ಅದಕ್ಕೊಂದು ಸ್ವಂತ ಥ್ರೆಡ್, ಅಂದರೆ ಕಂಪ್ಯೂಟರ್ ಬೇರೆಯಾಗಿ ಓಡಿಸುವ ಕೆಲಸದ ಎಳೆ. ನಡುವಿನ ಬುಟ್ಟಿಗೆ ಬಫರ್ ಅಂತ ಹೆಸರು. ಬುಟ್ಟಿ ಮಾಮೂಲಾಗಿ 64 ಕೆಬಿ ಆಸುಪಾಸು. ಒಂದು ಸ್ಯಾಂಪಲ್ಲಿಗೆ 8 ಬೈಟ್ ಹಿಡಿದರೆ ಸುಮಾರು 8 ಸಾವಿರ ಸ್ಯಾಂಪಲ್ ಹಿಡಿಸುತ್ತದೆ. ಸೆಕೆಂಡಿಗೆ 24 ಲಕ್ಷ ಬರುವಾಗ 8 ಸಾವಿರ ಎಂದರೆ ಎಷ್ಟು ಹೊತ್ತು? ಮೂರೂವರೆ ಮಿಲಿಸೆಕೆಂಡು. ಈ ಲೆಕ್ಕ ನೆನಪಿರಲಿ, ಮುಂದೆ ಬೇಕು.

ಈಗ ಒಂದು ದಿನ ಮೋಡ ಕವಿದು ಅಟ್ಟದ ಮೇಲಿನ ಅಡಿಕೆ ಒಣಗಲಿಲ್ಲ ಅಂತಿಟ್ಟುಕೊಳ್ಳಿ. ಅಟ್ಟ ಖಾಲಿ ಇಲ್ಲ, ಹಾಗಾಗಿ ಬೆಂದದ್ದನ್ನು ಹರವಲು ಜಾಗ ಇಲ್ಲ. ಹಂಡೆ ನಿಂತಿತು. ಸುಲಿದ ಬುಟ್ಟಿಗಳು ಹಂಡೆಯ ಪಕ್ಕ ಸಾಲುಗಟ್ಟಿದವು. ಸುಲಿಯುವವರು ಎಲೆಡಿಕೆ ಹಾಕಿಕೊಂಡು ಕೂತರು. ಕೊನೆಗೆ ತೋಟದಲ್ಲಿ ಕೊನೆಗೌಡನೂ ಮರದ ಬುಡದಲ್ಲಿ ಕೂತ. ಆಗ ತೋಟಕ್ಕೆ ಬಂದ ಯಜಮಾನ "ಕೊನೆಗೌಡ ಯಾಕೆ ಕೂತಿದ್ದಾನೆ" ಎಂದು ಅವನ ಹಗ್ಗ, ಕತ್ತಿ ಪರೀಕ್ಷೆ ಮಾಡಿದರೆ ಹೇಗಿರುತ್ತದೆ? ನಮ್ಮ ಹುಡುಗ ತಾರಸಿಗೆ ಓಡಿದ್ದು ಹಾಗೇ ಇತ್ತು.

ಮಾಲು ಮುಂದಕ್ಕೆ ಹೋಗುತ್ತದೆ, ತಡೆ ಹಿಂದಕ್ಕೆ ಬರುತ್ತದೆ. ಫ್ಲೋಗ್ರಾಫ್ ನಿಂತಾಗ ಹುಡುಕಬೇಕಾದ್ದು ಯಾರು ಕೂತಿದ್ದಾರೆ ಎಂದಲ್ಲ, ಎಲ್ಲರೂ ಕೂತೇ ಇರುತ್ತಾರೆ. ಯಾರ ಹಿಂದಿನ ಬುಟ್ಟಿ ತುಂಬಿ, ಮುಂದಿನ ಬುಟ್ಟಿ ಖಾಲಿ ಇದೆ ಎಂದು ನೋಡಬೇಕು. ಅವನೇ ಆಸಾಮಿ. ಹಿಂದೆಯೂ ತುಂಬಿದೆ, ಮುಂದೆಯೂ ತುಂಬಿದೆ ಎಂದರೆ ಅವನು ಪಾಪದವನು, ತಪ್ಪು ಇನ್ನೂ ಮುಂದಿದೆ. ಹಿಂದೆ ಖಾಲಿ, ಮುಂದೆ ಖಾಲಿ ಎಂದರೆ ಅವನು ಹಸಿದು ಕೂತಿದ್ದಾನೆ, ಹಿಂದಕ್ಕೆ ಹೋಗಿ ಹುಡುಕಿ. ಇಷ್ಟು ತಿಳಿದರೆ ಅರ್ಧ ಕೆಲಸ ಆದ ಹಾಗೆ.

ಹೋಲಿಕೆ ಒಂದು ಕಡೆ ಮಾತ್ರ ಮುರಿಯುತ್ತದೆ. ಕೊನೆಗೌಡನಿಗೆ "ಸ್ವಲ್ಪ ತಡಿ ಮಾರಾಯ" ಎನ್ನಬಹುದು. ಡಾಂಗಲ್ಲಿಗೆ ಹೇಳಲು ಆಗುವುದಿಲ್ಲ. ಅದು ಗಾಳಿಯನ್ನು ಅಳೆಯುತ್ತಿದೆ, ಗಾಳಿ ನಿಲ್ಲುವುದಿಲ್ಲ. ಅದರ ಬ್ಲಾಕ್ ತನ್ನೊಳಗೆ ಒಂದಿಷ್ಟು ದಾಸ್ತಾನು ಇಟ್ಟುಕೊಳ್ಳುತ್ತದೆ, ಒಂದು ಸೆಕೆಂಡಿಗೂ ಕಡಿಮೆ. ಅದೂ ತುಂಬಿದರೆ ಒಂದಿಷ್ಟನ್ನು ಚೆಲ್ಲುತ್ತದೆ. ಕೊಯ್ಯದೆ ಬಿಟ್ಟ ಅಡಿಕೆ ಹಣ್ಣಾಗಿ ಉದುರಿದ ಹಾಗೆ. ಪ್ರತಿ ಸಲ ಚೆಲ್ಲಿದಾಗಲೂ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆದು ಸಂದೇಶ ಓದುವ ಪರದೆಯಲ್ಲಿ, ಇಂಗ್ಲಿಷಿನ 'ಓ' ಅಕ್ಷರ ಒಂದು ಬೀಳುತ್ತದೆ. ಓವರ್‌ಫ್ಲೋನ ಓ. ಹುಡುಗನ ಟರ್ಮಿನಲ್ ನೋಡಿದೆ. ಓಓಓಓ ಎಂದು ಒಂದು ಸಾಲು ಪೂರ್ತಿ ಇತ್ತು. ಅವನು ಅದನ್ನು ಡಾಂಗಲ್‌ನ ದೂರು ಎಂದು ತಿಳಿದಿದ್ದ. ದೂರು ಹೌದು, ಆದರೆ ಡಾಂಗಲ್ ದೂರುತ್ತಿರುವುದು ಮುಂದಿನವರನ್ನು.

ಒಂದೇ ಪೇಪರ್, ಮೂವರು ಓದುಗರು

ಅವನ ಫ್ಲೋಗ್ರಾಫ್ ತೆರೆಸಿದೆ. ಡಾಂಗಲ್ ಬ್ಲಾಕಿನಿಂದ ಮೂರು ಗೆರೆ ಹೊರಟಿದ್ದವು. ಒಂದು ವಾಟರ್‌ಫಾಲ್‌ಗೆ. ಒಂದು ಫಿಲ್ಟರ್‌ಗೆ: ಅಲ್ಲಿ 24 ಲಕ್ಷವನ್ನು ಹತ್ತರಿಂದ ಭಾಗಿಸಿ 2 ಲಕ್ಷ 40 ಸಾವಿರ, ಅಲ್ಲಿಂದ ಎಫ್‌ಎಂ ಬ್ಲಾಕಿಗೆ, ಅಲ್ಲಿ ಐದರಿಂದ ಭಾಗಿಸಿ 48 ಸಾವಿರ, ಅಲ್ಲಿಂದ ಸ್ಪೀಕರ್‌ಗೆ. ಲೆಕ್ಕ ಸರಿ ಇದೆ. ಮೂರನೆಯ ಗೆರೆ ಮೂಲೆಯಲ್ಲಿ ಒಂದು ಫೈಲ್ ಸಿಂಕ್‌ಗೆ.

"ಇದು ಎಂತಕ್ಕೆ?"

"ರೆಕಾರ್ಡ್ ಮಾವಾ. ಊರಿಗೆ ಹೋದ ಮೇಲೆ ನೋಡಲೆ."

ಫೈಲ್ ಎಲ್ಲಿಗೆ ಹೋಗುತ್ತಿದೆ? ಪೆನ್‌ಡ್ರೈವ್‌ಗೆ.

"ಆದರೆ ಹಾಡು ಬರೋ ದಾರಿಯಲ್ಲಿ ಅದು ಇಲ್ಲವಲ್ಲ" ಎಂದು ಅವನ ವಾದ. ನೋಡಲು ಹಾಗೇ ಕಾಣುತ್ತದೆ. ಗೆರೆ ಮೂರು ಇದ್ದರೆ ಬುಟ್ಟಿಯೂ ಮೂರು ಇರಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಬಫರ್ ಬರೆಯುವವನದ್ದು, ಓದುವವರದ್ದಲ್ಲ. ಮೂರು ಗೆರೆಗೂ ಸೇರಿ ಒಂದೇ ಬಫರ್. ಮನೆಗೆ ಒಂದೇ ಪೇಪರ್ ಬರುತ್ತದೆ. ಅಜ್ಜ, ಅಪ್ಪ, ಚಿಕ್ಕಪ್ಪ ಮೂವರೂ ಓದಬೇಕು. ಮೂವರೂ ಮುಗಿಸುವ ತನಕ ಅದು ರದ್ದಿಗೆ ಹೋಗುವಂತಿಲ್ಲ. ಅಜ್ಜ ಕನ್ನಡಕ ಹುಡುಕುತ್ತಾ ಕೂತರೆ ಉಳಿದಿಬ್ಬರು ಎಷ್ಟು ಬೇಗ ಓದಿ ಏನು ಪ್ರಯೋಜನ? ಬಫರ್‌ನಲ್ಲಿ ಜಾಗ ಖಾಲಿಯಾಗುವುದು ಎಲ್ಲರಿಗಿಂತ ಹಿಂದೆ ಬಿದ್ದವನ ಲೆಕ್ಕದಲ್ಲಿ. ಹಾಗಾಗಿ ಪೆನ್‌ಡ್ರೈವ್ ಮುಗ್ಗರಿಸಿದರೆ ಹಾಡೂ ಮುಗ್ಗರಿಸುತ್ತದೆ. ವಾಟರ್‌ಫಾಲೂ. ಅದೂ ಮೂರೂವರೆ ಮಿಲಿಸೆಕೆಂಡಿನಲ್ಲಿ. ನಮ್ಮ ಕಣ್ಣಿಗೆ ಎಲ್ಲ ಒಟ್ಟಿಗೇ ನಿಂತ ಹಾಗೆ ಕಾಣುತ್ತದೆ, ಮೊದಲು ನಿಂತವನು ಯಾರು ಎಂದು ಗೊತ್ತೇ ಆಗುವುದಿಲ್ಲ.

ಪೆನ್‌ಡ್ರೈವ್ ಯಾಕೆ ಮುಗ್ಗರಿಸಿತು? ಡಾಂಗಲ್‌ನಿಂದ ಬರುವುದು ಸ್ಯಾಂಪಲ್ಲಿಗೆ 2 ಬೈಟ್. ಆದರೆ ಗ್ನೂ ರೇಡಿಯೊ ಅದನ್ನು ದಶಾಂಶ ಸಂಖ್ಯೆ ಮಾಡಿ 8 ಬೈಟ್‌ಗೆ ಹಿಗ್ಗಿಸುತ್ತದೆ. ಒಳಗಿನ ವಿಷಯ ಒಂದಿಷ್ಟೂ ಹೆಚ್ಚುವುದಿಲ್ಲ, ಚೀಲ ಮಾತ್ರ ನಾಲ್ಕು ಪಟ್ಟು. ಸೆಕೆಂಡಿಗೆ 48 ಲಕ್ಷ ಇದ್ದದ್ದು 1 ಕೋಟಿ 92 ಲಕ್ಷ ಬೈಟ್ ಆಗುತ್ತದೆ. ಅಂದರೆ 19.2 ಎಂಬಿ. ಒಂದು ಗಂಟೆ ರೆಕಾರ್ಡ್ ಮಾಡಿದರೆ 69 ಜಿಬಿ. ಅವನ ಪೆನ್‌ಡ್ರೈವ್‌ಗೆ ಒಂದು ದೊಡ್ಡ ಫೈಲ್ ಕಾಪಿ ಮಾಡಿ ನೋಡಿದೆವು. ಸೆಕೆಂಡಿಗೆ 7 ಎಂಬಿ ಮೇಲೆ ಏರಲೇ ಇಲ್ಲ.

ಹಾಗಿದ್ದರೆ ಮೊದಲ ಒಂದೂವರೆ ನಿಮಿಷ ಚೆನ್ನಾಗಿ ಓಡಿದ್ದು ಹೇಗೆ? ನನಗೆ ಇದೇ ಇಡೀ ಪ್ರಸಂಗದ ಚೆಂದದ ಭಾಗ. ಅವನ ಲ್ಯಾಪ್‌ಟಾಪ್ ನಡೆಸುವ ಲಿನಕ್ಸ್ ಫೈಲಿಗೆ ಬರೆಯಬೇಕಾದ್ದನ್ನು ನೇರ ಪೆನ್‌ಡ್ರೈವ್‌ಗೆ ಸುರಿಯುವುದಿಲ್ಲ. ಮೊದಲು ರ್ಯಾಮಿನಲ್ಲಿ ಇಟ್ಟುಕೊಂಡು "ಬರೆದಾಯ್ತು" ಅಂದುಬಿಡುತ್ತದೆ. ಆಮೇಲೆ ನಿಧಾನಕ್ಕೆ ಸಾಗಿಸುತ್ತದೆ. ಹೀಗೆ ಇಟ್ಟುಕೊಳ್ಳುವುದಕ್ಕೆ ಒಂದು ಮಿತಿ ಇದೆ, ಮಾಮೂಲಾಗಿ ಬಳಸಲು ಸಿಗುವ ರ್ಯಾಮಿನ ನೂರಕ್ಕೆ 20. ಅವನ ಲ್ಯಾಪ್‌ಟಾಪಿನಲ್ಲಿ ಅದು ಒಂದು ಜಿಬಿ ಚಿಲ್ಲರೆ. ಸೆಕೆಂಡಿಗೆ 19 ಬಂದು 7 ಹೋದರೆ 12 ಎಂಬಿ ಉಳಿಯುತ್ತದೆ. ಒಂದು ಜಿಬಿ ಚಿಲ್ಲರೆ ತುಂಬಲು ಎಷ್ಟು ಬೇಕು? ಒಂದೂವರೆ ನಿಮಿಷ. ಮಿತಿ ಮುಟ್ಟಿದ ಮೇಲೆ ಲಿನಕ್ಸ್ ಬರೆಯುವವನನ್ನು ಹಿಡಿದು ಕೂರಿಸುತ್ತದೆ. ಮೊದಲು ಚೂರು ಚೂರು, ಆಮೇಲೆ ಸೆಕೆಂಡುಗಟ್ಟಲೆ.

ಇಲ್ಲಿಂದ ಒಂದು ಸುಳಿವು ಸಿಗುತ್ತದೆ. ಶುರುವಿನಲ್ಲೇ ನಿಂತರೆ ಜೋಡಣೆ ತಪ್ಪು. ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಹೊತ್ತು ಓಡಿ ನಿಂತರೆ ಎಲ್ಲೋ ಏನೋ ತುಂಬುತ್ತಿದೆ. ಒಂದೊಂದು ಸಲ ಒಂದೊಂದು ಹೊತ್ತಿಗೆ ನಿಂತರೆ ಯುಎಸ್‌ಬಿ ಕೇಬಲ್, ಹಬ್, ಡಾಂಗಲ್‌ನ ಬಿಸಿ ಇವನ್ನೆಲ್ಲ ನೋಡಬೇಕು. ಡಾಂಗಲ್‌ನ ಸಾಫ್ಟ್‌ವೇರ್ ಜೊತೆ ಬರುವ ಆರ್‌ಟಿಎಲ್ ಟೆಸ್ಟ್ ಎಂಬ ಚಿಕ್ಕ ಪ್ರೋಗ್ರಾಂ ಇದೆ. ಗ್ನೂ ರೇಡಿಯೊ ಬದಿಗಿಟ್ಟು ಅದನ್ನು ಓಡಿಸಿ. ಇಷ್ಟಿಷ್ಟು ಬೈಟ್ ಕಳೆದುಹೋಯಿತು ಎಂದು ಅದೇ ದೂರಿದರೆ ನಿಮ್ಮ ಫ್ಲೋಗ್ರಾಫ್ ನಿರಪರಾಧಿ.

ಕಣ್ಣಾರೆ ನೋಡುವುದು

ಊಹೆ ಸರಿಯೋ ಎಂದು ನೋಡಬೇಕಲ್ಲ. ಗ್ನೂ ರೇಡಿಯೊ ಒಂದು ಉಪಕಾರ ಮಾಡಿದೆ: ಲಿನಕ್ಸ್‌ನಲ್ಲಿ ಪ್ರತಿ ಥ್ರೆಡ್‌ಗೂ ಅದರ ಬ್ಲಾಕಿನ ಹೆಸರನ್ನೇ ಇಟ್ಟಿದೆ. ಟರ್ಮಿನಲ್‌ನಲ್ಲಿ ಟಾಪ್ ಕಮಾಂಡ್ ಓಡಿಸಿ ದೊಡ್ಡ ಎಚ್ ಒತ್ತಿದರೆ ಥ್ರೆಡ್‌ಗಳು ಬಿಡಿಬಿಡಿಯಾಗಿ ಕಾಣುತ್ತವೆ. ಹುಡುಗನಿಗೆ ಹಾಗೇ ಮಾಡಲು ಹೇಳಿದೆ. ಹಾಡು ಚೆನ್ನಾಗಿ ಬರುವಾಗ ಫಿಲ್ಟರ್ ಮೇಲೆ ಇತ್ತು, ಒಳ್ಳೆ ಸಿಪಿಯು ತಿನ್ನುತ್ತಿತ್ತು. ಹಾಡು ನಿಂತ ಕೂಡಲೇ ಎಲ್ಲ ಸೊನ್ನೆಗೆ ಇಳಿದವು. ಸ್ಥಿತಿ ತೋರಿಸುವ ಕಾಲಮ್‌ನಲ್ಲಿ ಎಲ್ಲರ ಮುಂದೆ ಎಸ್, ಅಂದರೆ ಸುಮ್ನೆ ಕಾಯುತ್ತಿದ್ದಾರೆ. ಒಬ್ಬನ ಮುಂದೆ ಮಾತ್ರ ಡಿ. ಡಿಸ್ಕ್ ಬಾಗಿಲಲ್ಲಿ ಸಿಕ್ಕಿಕೊಂಡವನಿಗೆ ಬರುವ ಅಕ್ಷರ ಅದು. ಹೆಸರು ಫೈಲ್ ಸಿಂಕ್.

ಹುಡುಗ ಒಂದು ನಿಮಿಷ ಮಾತಾಡಲಿಲ್ಲ.

ಟಾಪ್‌ನಲ್ಲಿ ಬೇರೆ ಚಿತ್ರ ಕಂಡರೆ ಅರ್ಥವೂ ಬೇರೆ. ಒಬ್ಬನೇ ನೂರಕ್ಕೆ ನೂರು ಸಿಪಿಯು ತಿನ್ನುತ್ತಿದ್ದರೆ ಅವನಿಗೆ ಕೆಲಸ ಜಾಸ್ತಿ, ಅಥವಾ ಸುಮ್ಮನೆ ಗಾಣ ಸುತ್ತುತ್ತಿದ್ದಾನೆ. ಇನ್ನೂ ಕರಾರುವಾಕ್ಕಾಗಿ ಬೇಕಿದ್ದರೆ ಗ್ನೂ ರೇಡಿಯೊದ ಸೆಟ್ಟಿಂಗ್ ಫೈಲಿನಲ್ಲಿ ಪರ್ಫಾರ್ಮೆನ್ಸ್ ಕೌಂಟರ್ ಆನ್ ಮಾಡಬಹುದು. ಆಗ ಯಾರ ಹಿಂದಿನ ಬುಟ್ಟಿ ಎಷ್ಟು ತುಂಬಿದೆ, ಮುಂದಿನದ್ದು ಎಷ್ಟು ಎಂದು ಬ್ಲಾಕನ್ನೇ ಕೇಳಬಹುದು. ಅಷ್ಟೆಲ್ಲ ಬೇಡ ಎಂದರೆ ಪ್ರೋಬ್ ರೇಟ್ ಎಂಬ ಬ್ಲಾಕನ್ನು ಅನುಮಾನ ಇದ್ದ ಕಡೆ ಸಿಕ್ಕಿಸಿ. ಅಲ್ಲಿ ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಹಾದುಹೋಗುತ್ತಿದೆ ಎಂದು ಹೇಳುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಹಳ್ಳಿ ಉಪಾಯ. ಒಂದೊಂದೇ ಕವಲನ್ನು ಬಂದ್ ಮಾಡುತ್ತಾ ಬರುವುದು. ಬ್ಲಾಕ್ ಆರಿಸಿ ಡಿಸೇಬಲ್ ಮಾಡಿ, ಕೊನೆಯಲ್ಲಿ ನಲ್ ಸಿಂಕ್ ಹಾಕಿ. ಅದು ಬಂದದ್ದನ್ನೆಲ್ಲ ನುಂಗಿ ಸುಮ್ಮನಿರುವ ಬ್ಲಾಕ್. ಯಾವ ಕವಲು ಕಡಿದಾಗ ಹರಿವು ಶುರುವಾಯಿತೋ ಕಳ್ಳ ಅಲ್ಲಿದ್ದಾನೆ.

ಉಳಿದ ಕಳ್ಳರು

ಫೈಲ್ ಸಿಂಕ್‌ನ ಅಣ್ಣತಮ್ಮಂದಿರು ನೆಟ್‌ವರ್ಕ್ ಬ್ಲಾಕ್‌ಗಳು, ಡೇಟಾವನ್ನು ಬೇರೆ ಪ್ರೋಗ್ರಾಂಗೋ ಕಂಪ್ಯೂಟರ್‌ಗೋ ಕಳಿಸುವವರು. ಟಿಸಿಪಿ ಸಿಂಕ್ ಹಾಕಿದ್ದೀರಿ, ಆ ಕಡೆ ಕನೆಕ್ಟ್ ಆಗುವವರು ಯಾರೂ ಇಲ್ಲ ಅಂದರೆ ಅದು ಕಾಯುತ್ತಾ ನಿಲ್ಲಬಹುದು, ಜೊತೆಗೆ ಎಲ್ಲರನ್ನೂ ನಿಲ್ಲಿಸಬಹುದು. ಇಂಥದ್ದೇ ಇನ್ನೊಂದು ಸಾಗಾಟದ ವಿಧಾನವಾದ ಜೀರೋಎಂಕ್ಯು ಬಳಸುವವರು ಪುಷ್ ಬದಲು ಪಬ್ ಹಾಕಿದರೆ ಕೇಳುವವರಿಲ್ಲದಾಗ ಡೇಟಾ ಚೆಲ್ಲಿಹೋಗುತ್ತದೆ, ಹರಿವು ನಿಲ್ಲುವುದಿಲ್ಲ. ಪುಷ್ ಹಾಗಲ್ಲ, ಪಡೆಯುವವನು ಬರುವ ತನಕ ಹಟ ಹಿಡಿಯುತ್ತದೆ. ನಿಮಗೆ ಯಾವುದು ಬೇಕು ಎಂದು ಮೊದಲೇ ತೀರ್ಮಾನ ಮಾಡಿ.

ಇನ್ನೊಂದು ಹಂಡೆಯ ಸಮಸ್ಯೆ. ಹಂಡೆ ಪೂರ್ತಿ ತುಂಬುವಷ್ಟು ಅಡಿಕೆ ಬಾರದೆ ಒಲೆ ಹಚ್ಚುವುದಿಲ್ಲ ಎಂದು ಒಬ್ಬ ಕೂತಿದ್ದಾನೆ. ಆದರೆ ಅವನ ಹಿಂದಿರುವ ಬುಟ್ಟಿಯೇ ಹಂಡೆಗಿಂತ ಚಿಕ್ಕದು. ಬುಟ್ಟಿ ತುಂಬಿತು, ಹಂಡೆಗೆ ಸಾಲದು, ಬುಟ್ಟಿಯಲ್ಲಿ ಜಾಗ ಇಲ್ಲ. ಯಾರದೂ ತಪ್ಪಲ್ಲ, ಆದರೆ ಯುಗ ಕಳೆದರೂ ಕೆಲಸ ಮುಂದುವರಿಯುವುದಿಲ್ಲ. ಸಾವಿರಗಟ್ಟಲೆ ಟ್ಯಾಪ್ (ಒಂದೊಂದು ಉತ್ತರಕ್ಕೂ ಒಟ್ಟಿಗೆ ನೋಡಬೇಕಾದ ಸ್ಯಾಂಪಲ್‌ಗಳ ಲೆಕ್ಕ) ಇರುವ ಫಿಲ್ಟರ್, ಉದ್ದನೆಯ ಪ್ಯಾಕೆಟ್ ಒಂದೇ ಸಲಕ್ಕೆ ಬೇಕೆನ್ನುವ ಬ್ಲಾಕ್ ಹೀಗೆ ಮಾಡುತ್ತವೆ. ಅದೃಷ್ಟಕ್ಕೆ ಗ್ನೂ ರೇಡಿಯೊ ಕೆಲವು ಸಲ ಇದನ್ನು ತಾನೇ ಪತ್ತೆ ಹಚ್ಚಿ, ಈ ಬ್ಲಾಕ್ ನಾವು ಕೊಡಬಹುದಾದ್ದಕ್ಕಿಂತ ಹೆಚ್ಚು ಕೇಳುತ್ತಿದೆ, ಫಿಲ್ಟರ್ ಆಗಿದ್ದರೆ ಟ್ಯಾಪ್ ಕಡಿಮೆ ಮಾಡಿ ಎಂದು ಟರ್ಮಿನಲ್‌ನಲ್ಲಿ ಹೇಳುತ್ತದೆ. ಯಾರೂ ಓದುವುದಿಲ್ಲ, ಅದು ಬೇರೆ ಮಾತು. ಮದ್ದು ಸುಲಭ: ಹಿಂದಿನ ಬ್ಲಾಕಿನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಮಿನ್ ಔಟ್‌ಪುಟ್ ಬಫರ್ ಹೆಚ್ಚಿಸಿ. ದೊಡ್ಡ ಬುಟ್ಟಿ ತಂದ ಹಾಗೆ.

ರೆಕಾರ್ಡಿಂಗ್ ಓಡಿಸಿದಾಗ ಕೊನೆಯ ಒಂದು ಚೂರು ಮಾಯವಾಗುವುದೂ ಇದರದ್ದೇ ಇನ್ನೊಂದು ಮುಖ. ಬ್ಲಾಕಿಗೆ ಸಾವಿರದ ಕಟ್ಟು ಬೇಕು, ಫೈಲಿನ ತುದಿಯಲ್ಲಿ ಏಳು ನೂರು ಉಳಿದಿದೆ. ಕೊನೆಯ ಹಂಡೆ ತುಂಬಲೇ ಇಲ್ಲ, ಆ ಏಳು ನೂರು ಬುಟ್ಟಿಯಲ್ಲೇ ಉಳಿಯಿತು.

ಸ್ಕ್ವೆಲ್ಚ್ ಎಂಬುದು ಸ್ವಲ್ಪ ಕುಟಿಲ. ಸಿಗ್ನಲ್ ಇಲ್ಲದಾಗ ಗೊರಗೊರ ಕೇಳದಂತೆ ಬಾಯಿ ಮುಚ್ಚಿಸುವ ಬ್ಲಾಕ್ ಅದು. ಅದರಲ್ಲಿ ಗೇಟ್ ಎಂಬ ಒಂದು ಆಯ್ಕೆ ಇದೆ. ಗೇಟ್ ಬೇಡ ಎಂದರೆ ಸಿಗ್ನಲ್ ಇಲ್ಲದಾಗ ಸೊನ್ನೆಗಳನ್ನು ಕಳಿಸುತ್ತದೆ. ಬೇಕು ಎಂದರೆ ಏನನ್ನೂ ಕಳಿಸುವುದಿಲ್ಲ. ಮುಂದೆ ಎರಡು ಗೆರೆ ಕೂಡಿಸುವ ಬ್ಲಾಕ್ ಇದ್ದರೆ ಕತೆ ಮುಗಿಯಿತು. ಅದಕ್ಕೆ ಎರಡೂ ಕಡೆಯಿಂದ ಒಂದೊಂದು ಸ್ಯಾಂಪಲ್ ಬೇಕು, ಒಂದು ಕಡೆ ಬರುತ್ತಿಲ್ಲ, ಹಾಗಾಗಿ ಇನ್ನೊಂದು ಕಡೆಯದ್ದನ್ನೂ ಮುಟ್ಟುವುದಿಲ್ಲ. ಆಂಟೆನಾ ತೊಂದರೆಯಿಂದ ಹರಿವು ನಿಲ್ಲುವುದಿಲ್ಲ ಎಂದು ಮೇಲೆ ಹೇಳಿದೆನಲ್ಲ, ಈ ಒಂದು ಕಡೆ ನಿಲ್ಲಬಹುದು.

ಹರಿವು ನಿಂತಿಲ್ಲದಿದ್ದರೂ ನಿಂತ ಹಾಗೆ ಕಾಣುವುದೂ ಉಂಟು. ಬೈತಖೋಲ ಬಂದರಿಗೆ ಬರುವ ಸರಕು ಹಡಗುಗಳು ತಾವೆಲ್ಲಿದ್ದೇವೆ ಎಂದು 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ ಎಐಎಸ್ ಸಂದೇಶ ಕಳಿಸುತ್ತಿರುತ್ತವೆ. ಚಲಿಸುವ ದೊಡ್ಡ ಹಡಗು 2ರಿಂದ 10 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಅದೇ ಲಂಗರು ಹಾಕಿತು ಎಂದರೆ 3 ನಿಮಿಷಕ್ಕೊಮ್ಮೆ. ಎರಡು ನಿಮಿಷ ಪರದೆ ಖಾಲಿ ಎಂದು ಗಾಬರಿಯಾಗಿ ಎಲ್ಲ ಕಿತ್ತು ಜೋಡಿಸಿದರೆ ಹಡಗಿನವರೇನು ಮಾಡಲಿಕ್ಕಾಗುತ್ತದೆ!

ದರ ತಪ್ಪಿದರೆ ಹರಿವು ಪೂರ್ತಿ ನಿಲ್ಲುವುದಿಲ್ಲ, ಕುಂಟುತ್ತದೆ. ಎಫ್‌ಎಂ ಬ್ಲಾಕಿನಲ್ಲಿ ಐದರ ಬದಲು ನಾಲ್ಕು ಹಾಕಿದರೆ 60 ಸಾವಿರ ಬರುತ್ತದೆ. ಸೌಂಡ್ ಕಾರ್ಡ್ ತೆಗೆದುಕೊಳ್ಳುವುದು 48 ಸಾವಿರ ಮಾತ್ರ. ಆಗ ಇಡೀ ಸಾಲು ಸೌಂಡ್ ಕಾರ್ಡಿನ ನಡಿಗೆಗೆ ಇಳಿಯುತ್ತದೆ, ಡಾಂಗಲ್ ಐದರಲ್ಲಿ ಒಂದು ಪಾಲು ಚೆಲ್ಲುತ್ತದೆ. ಹಾಡುವವರ ದನಿ ದಪ್ಪವಾಗಿ, ನಡುನಡುವೆ ಕಡಿದು ಬರುತ್ತದೆ. ಆರು ಹಾಕಿದರೆ 40 ಸಾವಿರ. ದನಿ ಕೀರಲಾಗುತ್ತದೆ, ಸೌಂಡ್ ಕಾರ್ಡಿಗೆ ಹೊಟ್ಟೆಗೆ ಸಾಲದೆ ಟರ್ಮಿನಲ್‌ನಲ್ಲಿ 'ಎಯು' ಎಂದು ಬೀಳುತ್ತದೆ. ಲೆಕ್ಕ ಸರಿ ಇದ್ದರೂ ಎಂದಾದರೊಮ್ಮೆ ಒಂದು ಎಯು ಅಥವಾ ಓ ಬೀಳಬಹುದು. ಡಾಂಗಲ್‌ನ ಗಡಿಯಾರ ಬೇರೆ, ಸೌಂಡ್ ಕಾರ್ಡಿನದ್ದು ಬೇರೆ. ಎರಡು ಗಡಿಯಾರ ಪೂರ್ತಿ ಒಂದೇ ನಡಿಗೆ ಇಡುವುದಿಲ್ಲ. ಹತ್ತು ಲಕ್ಷಕ್ಕೆ 50ರ ವ್ಯತ್ಯಾಸ ಎಂದರೆ 48 ಸಾವಿರದಲ್ಲಿ ಸೆಕೆಂಡಿಗೆ ಸುಮಾರು ಎರಡೂವರೆ ಸ್ಯಾಂಪಲ್. ಗಂಟೆಗಟ್ಟಲೆ ಓಡಿದ ಮೇಲೆ ಒಂದು ಚಿಕ್ಕ ಟಕ್ ಎಂಬ ಸದ್ದು. ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಥ್ರಾಟಲ್ ಬ್ಲಾಕ್ ಬಗ್ಗೆ ಒಂದು ಮಾತು. ಡಾಂಗಲ್ ಇಲ್ಲದೆ, ಬರೀ ಕಂಪ್ಯೂಟರ್ ಒಳಗಿನ ಪ್ರಯೋಗ ಮಾಡುವಾಗ ಸಿಪಿಯು ಹುಚ್ಚೆದ್ದು ಓಡದಂತೆ ಅದನ್ನು ಹಾಕುತ್ತಾರೆ. ಡಾಂಗಲ್ ಅಥವಾ ಸೌಂಡ್ ಕಾರ್ಡ್ ಇದ್ದಾಗ ಅದು ಇರಲೇಬಾರದು. ಪಾಠ ನೋಡಿ ಕಾಪಿ ಮಾಡಿದ ಫ್ಲೋಗ್ರಾಫ್‌ಗಳಲ್ಲಿ ಉಳಿದುಕೊಂಡಿರುತ್ತದೆ, ಕಿತ್ತು ಹಾಕಿ. ಹೆಡ್ ಎಂಬ ಬ್ಲಾಕೂ ಹಾಗೇ. ಇಷ್ಟು ಸ್ಯಾಂಪಲ್ ಆದ ಮೇಲೆ ನಿಲ್ಲಿಸು ಎಂದು ಹೇಳಲೆಂದೇ ಇರುವ ಬ್ಲಾಕ್ ಅದು. ಹಾಕಿದ್ದು ಮರೆತು, ನಿಂತಿತಲ್ಲ ಎಂದು ಒಂದು ಸಂಜೆ ಪೂರ್ತಿ ಹುಡುಕಿದ್ದೇನೆ. ನಾನೇ.

ಸ್ವಂತ ಬ್ಲಾಕ್ ಬರೆಯುವವರಿಗೆ ಎರಡು ಎಚ್ಚರಿಕೆ ಸಾಕು. ಎಷ್ಟು ಸ್ಯಾಂಪಲ್ ಬಳಸಿದೆ ಎಂದು ಹಿಂದಿನವರಿಗೆ ಹೇಳಬೇಕು, ಎಷ್ಟು ಕೊಟ್ಟೆ ಎಂದು ಮುಂದಿನವರಿಗೆ ಹೇಳಬೇಕು. ಏನನ್ನೂ ಬಳಸದೆ, ಸೊನ್ನೆ ಕೊಟ್ಟೆ ಎಂದು ವಾಪಸ್ ಬಂದರೆ ಅದೇ ಮಾಲನ್ನು ಮತ್ತೆ ಮತ್ತೆ ಕೈಗಿಡುತ್ತಾರೆ. ಮೇಲೆ ಹೇಳಿದ ಗಾಣ ಸುತ್ತುವವನು ಇವನೇ. ಎರಡನೆಯದು, ಬ್ಲಾಕಿನ ಒಳಗಿನಿಂದಲೇ ಫ್ಲೋಗ್ರಾಫನ್ನು ಲಾಕ್ ಮಾಡಿ ಜೋಡಣೆ ಬದಲಿಸಲು ಹೋಗಬೇಡಿ. ಊಟದ ಪಂಕ್ತಿಯಲ್ಲಿ ಎಲ್ಲರೂ ಎದ್ದ ಮೇಲೆ ನಾನು ಏಳುತ್ತೇನೆ ಎಂದು ಒಬ್ಬ ಕೂತ, ಅವನು ಏಳಲಿ ಎಂದು ಪಂಕ್ತಿ ಕೂತಿತು. ಮೊಸರನ್ನ ಒಣಗಿತು.

ಡಾಂಗಲ್ ಶುರುವೇ ಆಗುವುದಿಲ್ಲ ಎನ್ನುವವರಿಗೆ: ಲಿನಕ್ಸ್ ಅದನ್ನು ಇನ್ನೂ ಟಿವಿ ಡಾಂಗಲ್ ಎಂದೇ ತಿಳಿದು, ಟಿವಿ ಡ್ರೈವರ್‌ನಿಂದ ಹಿಡಿದುಕೊಂಡಿರಬಹುದು. ಟರ್ಮಿನಲ್‌ನಲ್ಲಿ ಕ್ಲೇಮ್ ಇಂಟರ್‌ಫೇಸ್, ಮೈನಸ್ 6 ಎಂದು ಕಂಡರೆ ಅದೇ. ಆ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್‌ಗೆ ಸೇರಿಸಿದರೆ ಸರಿಯಾಗುತ್ತದೆ.

ಮತ್ತೆ ನಮ್ಮ ಹುಡುಗನ ಕತೆಗೆ. ಫೈಲ್ ಸಿಂಕ್‌ನ ಗೆರೆಯನ್ನು ಡಾಂಗಲ್‌ನಿಂದ ಬಿಡಿಸಿ ಫಿಲ್ಟರ್ ಆದ ಮೇಲೆ ಜೋಡಿಸಿದ. ಅಲ್ಲಿ ಸೆಕೆಂಡಿಗೆ 2 ಲಕ್ಷ 40 ಸಾವಿರ ಸ್ಯಾಂಪಲ್ ಮಾತ್ರ, ಅಂದರೆ 19.2 ಲಕ್ಷ ಬೈಟ್. ಎರಡು ಎಂಬಿಗೂ ಕಡಿಮೆ. ಅವನ ಪೆನ್‌ಡ್ರೈವ್ ಅಷ್ಟನ್ನು ಆರಾಮಾಗಿ ನುಂಗಿತು. ಒಂದೂವರೆ ನಿಮಿಷ ದಾಟಿತು, ಐದು ದಾಟಿತು. ಒಂದೂ ಓ ಇಲ್ಲ. ರೇಡಿಯೊ ಹಾಡುತ್ತಲೇ ಇರಲಿ ಎಂದು ಬಿಟ್ಟು ಊಟಕ್ಕೆ ಕೂತೆವು. ಬಂಗಡೆ ತಿನ್ನುವ ನಮ್ಮ ಪಕ್ಕದ ಮನೆಯ ವಾಸನೆಗೆ ಅವನು ಮೂಗು ಮುಚ್ಚಿಕೊಂಡು ಹಪ್ಪಳ ಮುರಿಯುತ್ತಿದ್ದ. ಊಟ ಮುಗಿದು ಮಜ್ಜಿಗೆಗೆ ಬಂದಿದ್ದೆವು, ಒಳಗೆ ಹಾಡು ಗಕ್ಕನೆ ನಿಂತಿತು.

"ಮಾವಾ, ಮತ್ತೆ ನಿಂತೋತು."

ಈ ಸಲ ತಾರಸಿ ಕಡೆ ನೋಡಲಿಲ್ಲ. ಕೈ ತೊಳೆದು ಸೀದಾ ಟರ್ಮಿನಲ್ ಓದಿದ. ಫೈಲ್ ಸಿಂಕ್ ಬರೆಯಲು ಆಗಲಿಲ್ಲ ಎಂದು ಒಂದು ಸಾಲು ಬಿದ್ದಿತ್ತು. ಆ ಬ್ಲಾಕಿನ ಥ್ರೆಡ್ ಅಲ್ಲಿಗೇ ಸತ್ತಿತ್ತು. ಓದುವವನು ಸತ್ತರೂ ಬುಟ್ಟಿ ಅವನಿಗಾಗಿ ಕಾಯುತ್ತದೆ, ಉಳಿದವರೆಲ್ಲ ಕೂತಿದ್ದರು. 32 ಜಿಬಿ ಪೆನ್‌ಡ್ರೈವ್‌ನಲ್ಲಿ 27 ಜಿಬಿ ಮೇಲೆ ಇನ್ನೂ ಖಾಲಿ. ಫೈಲಿನ ಗಾತ್ರ ನೋಡಿದ. 429 ಕೋಟಿ ಬೈಟ್ ಚಿಲ್ಲರೆ. ಎಷ್ಟು ಹೊತ್ತು ಓಡಿತು ಎಂದು ಗಡಿಯಾರ ನೋಡಿದ, 37 ನಿಮಿಷ. ಹಾಳೆ ತೆಗೆದು 429 ಕೋಟಿ ಚಿಲ್ಲರೆಯನ್ನು 19.2 ಲಕ್ಷದಿಂದ ಭಾಗಿಸಿದ. 2237 ಸೆಕೆಂಡು.

"ಮಾವಾ, ಪೆನ್‌ಡ್ರೈವ್ ಫ್ಯಾಟ್32" ಅಂದ.

ಫ್ಯಾಟ್32 ಎಂದರೆ ಪೆನ್‌ಡ್ರೈವ್‌ನಲ್ಲಿ ಫೈಲ್ ಇಡುವ ಒಂದು ಪದ್ಧತಿ. ಅದರಲ್ಲಿ ಒಂದು ಫೈಲ್ 4 ಜಿಬಿ, ಕಂಪ್ಯೂಟರ್ ಲೆಕ್ಕದಲ್ಲಿ 429 ಕೋಟಿ ಬೈಟ್ ಚಿಲ್ಲರೆ, ದಾಟುವಂತಿಲ್ಲ. ಒಳಗಿದ್ದ ಫೋಟೊಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಲು ಕೊಟ್ಟು, ಬಿಟ್ಟ ಮಜ್ಜಿಗೆ ಕುಡಿಯಲು ಒಳಗೆ ಬಂದ.